ರಕ್ತದ ರಿಪೋರ್ಟಿನ ಹಿಂಬದಿಯ ಲೆಕ್ಕ

ಚಿಕ್ಕಪ್ಪನ ಫೈಲಿನಲ್ಲಿ ಒಂದು ಹಾಳೆಯಿದೆ. ಮುಂಬದಿಯಲ್ಲಿ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ. ಒಟ್ಟು ಬಿಳಿ ರಕ್ತಕಣ 9,800. ಅದರಲ್ಲಿ ನ್ಯೂಟ್ರೊಫಿಲ್ ನೂರಕ್ಕೆ 78, ಲಿಂಫೊಸೈಟ್ ನೂರಕ್ಕೆ 13. ಹಾಳೆ ತಿರುಗಿಸಿದರೆ ನನ್ನ ಕೈಬರಹದ ಒಂದು ಭಾಗಾಕಾರ: 78ನ್ನು 13ರಿಂದ ಭಾಗಿಸಿದರೆ 6. ಆ ಆರರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಹಿಂದಿನ ರಾತ್ರಿ ಓದಿದ ವೈದ್ಯಕೀಯ ಪ್ರಬಂಧಗಳಲ್ಲಿ ಈ ಭಾಗಲಬ್ಧ 5 ದಾಟಿದ ರೋಗಿಗಳು ಇಮ್ಯುನೊಥೆರಪಿ ಪಡೆದರೂ ಬಹಳ ದಿನ ಉಳಿಯಲಿಲ್ಲ ಎಂಬ ಮಾತು ಮತ್ತೆ ಮತ್ತೆ ಬಂದಿತ್ತು.

ಚಿಕ್ಕಪ್ಪನದು ತಿಪಟೂರಿನ ಹತ್ತಿರ ತೆಂಗಿನ ತೋಟ. ನಲವತ್ತು ವರ್ಷ ಬೀಡಿ ಸೇದಿದವರು. ಕೆಮ್ಮು ಬಿಡಲಿಲ್ಲವೆಂದು ತೋರಿಸಿದಾಗ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು, ಅಷ್ಟರಲ್ಲಿ ಬೇರೆ ಕಡೆಗೂ ಹರಡಿತ್ತು. ಬಯಾಪ್ಸಿಯ ಚೂರಿನಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನು ನೂರಕ್ಕೆ 60 ಕ್ಯಾನ್ಸರ್ ಕಣಗಳ ಮೇಲೆ ಕಾಣಿಸಿತು. ಹಾಗಾಗಿ ಕೀಮೊ ಬೇಡ, ಪೆಂಬ್ರೊಲಿಜುಮ್ಯಾಬ್ ಕೊಡೋಣ, ಮೂರು ವಾರಕ್ಕೊಂದು ಡ್ರಿಪ್ ಎಂದರು ಡಾಕ್ಟರು. ಒಂದೊಂದು ಡ್ರಿಪ್ಪಿನ ಬೆಲೆಯೂ ಲಕ್ಷದ ಲೆಕ್ಕದಲ್ಲಿ. ಚಿಕ್ಕಮ್ಮ ಆಸ್ಪತ್ರೆಯಲ್ಲಿ ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ನನ್ನ ಕಡೆ ತಿರುಗಿ ಕೇಳಿದರು: "ತೋಟ ಅಡ ಇಟ್ಟಾದ್ರೂ ಕೊಡಿಸ್ತೀನಿ. ಆದ್ರೆ ಕೊಡಿಸಿದ್ರೆ ಉಳೀತಾರಾ, ಅದನ್ನ ಯಾರಾದ್ರೂ ಹೇಳ್ತಾರಾ?"

ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು. ಜಗತ್ತಿನ ದೊಡ್ಡ ದೊಡ್ಡ ಕ್ಯಾನ್ಸರ್ ಕೇಂದ್ರಗಳಲ್ಲೂ ಇದೇ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ. ಅವರಲ್ಲಿ ಅನೇಕರು ಹುಡುಕುತ್ತಿರುವುದು ನಮ್ಮ ಫೈಲಿನಲ್ಲೇ ಇದ್ದ ಹಾಳೆಯಂಥ ಹಾಳೆಗಳಲ್ಲಿ.

ಮೊದಲು ಔಷಧದ ವಿಷಯ, ಚುಟುಕಾಗಿ. ನಮ್ಮ ಮೈಯಲ್ಲಿ ಟಿ ಕಣಗಳೆಂಬ ಲಿಂಫೊಸೈಟುಗಳಿವೆ. ಸೋಂಕಿಗೊಳಗಾದ ಕಣ, ಕೆಟ್ಟ ಕಣ ಕಂಡರೆ ಕೊಲ್ಲುವುದು ಇವುಗಳ ಕೆಲಸ. ಕೊಲ್ಲುವ ಕೆಲಸ ಮಿತಿ ಮೀರಿ ಸ್ವಂತ ಮೈಯನ್ನೇ ಸುಡಬಾರದೆಂದು ಇವಕ್ಕೆ ಬ್ರೇಕುಗಳೂ ಇವೆ. ಅಂಥ ಒಂದು ಬ್ರೇಕು ಪಿಡಿ-1. ಜಪಾನಿನ ಕ್ಯೋಟೊದಲ್ಲಿ ತಾಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಇದನ್ನು ಗುರುತಿಸಿತು. ಸಿಟಿಎಲ್‌ಎ-4 ಎಂಬ ಇನ್ನೊಂದು ಬ್ರೇಕನ್ನು ಸಡಿಲಿಸಿದರೆ ಗಡ್ಡೆ ಕರಗುತ್ತದೆ ಎಂದು ಅಮೆರಿಕದ ಜೇಮ್ಸ್ ಆಲಿಸನ್ ತೋರಿಸಿದರು. ಇಬ್ಬರಿಗೂ 2018ರ ವೈದ್ಯಕೀಯ ನೊಬೆಲ್ ಬಂತು. ಕ್ಯಾನ್ಸರ್ ಕಣ ತನ್ನ ಮೈಮೇಲಿನ ಪಿಡಿ-ಎಲ್1ನಿಂದ ಟಿ ಕಣದ ಬ್ರೇಕು ಒತ್ತಿ ಹಿಡಿಯುತ್ತದೆ; ಔಷಧ ನಡುವೆ ಕುಳಿತು ಆ ಹಿಡಿತ ಬಿಡಿಸುತ್ತದೆ. ಗಡ್ಡೆಯನ್ನು ಕೊಲ್ಲಬೇಕಾದದ್ದು ರೋಗಿಯ ಸ್ವಂತ ಸೈನ್ಯವೇ; ಇಮ್ಯುನೊಥೆರಪಿ ಎನ್ನುವುದು ಇಂಥ ಚಿಕಿತ್ಸೆಗೇ.

ಬ್ರೇಕು ಬಿಟ್ಟ ಮೇಲೆ ಗಾಡಿ ಓಡಿದರೆ ಬಹಳ ದೂರ ಓಡುತ್ತದೆ. ಪಿಡಿ-ಎಲ್1 ನೂರಕ್ಕೆ 50 ಅಥವಾ ಹೆಚ್ಚಿದ್ದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಕೀನೋಟ್-024 ಎಂಬ ಪ್ರಯೋಗದಲ್ಲಿ, ಪೆಂಬ್ರೊಲಿಜುಮ್ಯಾಬ್‌ನಿಂದ ಚಿಕಿತ್ಸೆ ಆರಂಭಿಸಿದವರಲ್ಲಿ ಐದು ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು 32 ಮಂದಿ ಬದುಕಿದ್ದರು. ಕೀಮೊದಿಂದ ಆರಂಭಿಸಿದವರಲ್ಲಿ ಸುಮಾರು 16. ಹರಡಿದ ಶ್ವಾಸಕೋಶ ಕ್ಯಾನ್ಸರಿನಲ್ಲಿ ಐದು ವರ್ಷವೆಂಬುದು ಹಿಂದೆ ಕನಸಿನ ಮಾತಾಗಿತ್ತು. ಆದರೆ ಆ ನೂರರಲ್ಲಿ ಉಳಿದ 68 ಮಂದಿಯೂ ಇದ್ದಾರಲ್ಲ. ಅವರೂ ಅದೇ ಡ್ರಿಪ್ ಹಾಕಿಸಿಕೊಂಡವರು, ಅವರಲ್ಲೂ ಪಿಡಿ-ಎಲ್1 ಹೆಚ್ಚೇ ಇತ್ತು. ಬಯಾಪ್ಸಿಯ ಚೂರೊಂದೇ ಎಲ್ಲವನ್ನೂ ಹೇಳುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಜತೆಗೆ ಬಯಾಪ್ಸಿ ಎಂದರೆ ಮೈಗೆ ಸೂಜಿ ಚುಚ್ಚಿ ಗಡ್ಡೆಯ ಒಂದು ಮೂಲೆಯಿಂದ ತೆಗೆದ ಚೂರು; ಮತ್ತೆ ಮತ್ತೆ ಮಾಡುವಂಥದ್ದಲ್ಲ. ರಕ್ತವಾದರೆ ಪ್ರತಿ ಡ್ರಿಪ್ಪಿಗೆ ಮುಂಚೆ ಹೇಗೂ ತೆಗೆಯುತ್ತಾರೆ. ಹೀಗಾಗಿ ವಿಜ್ಞಾನಿಗಳ ಕಣ್ಣು ಅಲ್ಲಿ ನೆಟ್ಟಿತು.

ನೇರಳೆ ಮುಚ್ಚಳದ ಪುಟ್ಟ ಟ್ಯೂಬನ್ನು ನೋಡಿರುತ್ತೀರಿ. ರಕ್ತ ಹೆಪ್ಪುಗಟ್ಟದಂತೆ ಅದರಲ್ಲಿ ಇಡಿಟಿಎ ಎಂಬ ಲವಣವಿರುತ್ತದೆ. ಅದರಲ್ಲಿನ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬಿಳಿ ಕಣಗಳನ್ನು ಜಾತಿವಾರು ಎಣಿಸುವ ಕ್ರಮ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಪಾಲ್ ಎರ್ಲಿಚ್ ಅವರ ಬಣ್ಣದ ಪ್ರಯೋಗಗಳಿಂದ ಶುರುವಾಯಿತು. ಆಮ್ಲದ ಬಣ್ಣವನ್ನೂ ಕ್ಷಾರದ ಬಣ್ಣವನ್ನೂ ಬಿಟ್ಟು ತಟಸ್ಥ ಬಣ್ಣ ಹಿಡಿದ ಕಣಕ್ಕೆ ನ್ಯೂಟ್ರೊಫಿಲ್ ಎಂಬ ಹೆಸರು ಬಂತು. ಇಂದು ಯಂತ್ರ ಒಂದೆರಡು ನಿಮಿಷದಲ್ಲಿ ಎಣಿಸಿ ಬಿಸಾಡುತ್ತದೆ. ಕೆಲವು ನೂರು ರೂಪಾಯಿಯ ಕೆಲಸ, ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ.

ನ್ಯೂಟ್ರೊಫಿಲ್ ಗಾಯವಾದಾಗ, ಕೀವಾದಾಗ ಮೊದಲು ಓಡಿಬರುವ ಕಣ. ರಕ್ತದಲ್ಲಿ ಅದರ ಆಯಸ್ಸು ಗಂಟೆಗಳ ಲೆಕ್ಕ. ಅಸ್ಥಿಮಜ್ಜೆ ಹಗಲು ರಾತ್ರಿ ಹೊಸದನ್ನು ಹೆತ್ತು ಕಳಿಸುತ್ತಲೇ ಇರಬೇಕು. ದೊಡ್ಡ ಗಡ್ಡೆ ಮೈಯೊಳಗೆ ವಾಸಿಯಾಗದ ಹುಣ್ಣಿನ ಹಾಗೆ. ಅದು ಹೊರಡಿಸುವ ಸಂಕೇತಗಳಿಂದ ಮಜ್ಜೆ ನ್ಯೂಟ್ರೊಫಿಲ್‌ಗಳನ್ನು ಇನ್ನೂ ಜೋರಾಗಿ ಹೊರದೂಡುತ್ತದೆ. ಬಂದವು ಗಡ್ಡೆಯ ಸುತ್ತ ಸೇರಿ ಕೆಲವು ಸಲ ಅದಕ್ಕೇ ಉಪಕಾರ ಮಾಡುತ್ತವೆ: ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ, ಟಿ ಕಣಗಳಿಗೆ ಬೇಕಾದ ಆರ್ಜಿನಿನ್ ಎಂಬ ಅಮೈನೊ ಆಮ್ಲವನ್ನು ಒಡೆದುಹಾಕಿ ಅವನ್ನು ಸೊರಗಿಸುತ್ತವೆ. ಇತ್ತ ಲಿಂಫೊಸೈಟುಗಳು ಕಡಿಮೆಯಾದರೆ, ಬ್ರೇಕು ಬಿಡಿಸುವ ಔಷಧ ಬಂದರೂ ಓಡಲು ಗಾಡಿಯೇ ಇಲ್ಲದಂತೆ. ಒಂದನ್ನು ಇನ್ನೊಂದರಿಂದ ಭಾಗಿಸಿದಾಗ ಬರುವ ಸಂಖ್ಯೆ ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಹಿಡಿಯುತ್ತದೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 1ರಿಂದ 3ರ ನಡುವೆ ಇರುತ್ತದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕೇಂದ್ರದವರು 16 ಬಗೆಯ ಕ್ಯಾನ್ಸರಿನ 1,714 ರೋಗಿಗಳ ದಾಖಲೆ ತೆಗೆದು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಮ್ಯುನೊಥೆರಪಿಗೆ ಮುಂಚೆ ಈ ಸಂಖ್ಯೆ ಹೆಚ್ಚಿದ್ದವರ ಬದುಕುಳಿವು ಕಡಿಮೆಯಿತ್ತು.

ಎರಡನೆಯ ಸುಳಿವು ಎಲ್‌ಡಿಎಚ್. ಹಾಲು ಹುಳಿಯಾಗಿ ಮೊಸರಾಗುವುದು ಲ್ಯಾಕ್ಟಿಕ್ ಆಮ್ಲದಿಂದ ಎಂದು ನಮಗೆ ಗೊತ್ತು. ಅದೇ ಆಮ್ಲವನ್ನು ನಮ್ಮ ಕಣಗಳೂ ತಯಾರಿಸುತ್ತವೆ, ಉಸಿರುಗಟ್ಟಿ ಓಡುವಾಗ ಮಾಂಸಖಂಡ ತಯಾರಿಸುವಂತೆ. ಕ್ಯಾನ್ಸರ್ ಕಣಗಳು ಆಮ್ಲಜನಕ ಇದ್ದರೂ ಸಕ್ಕರೆಯನ್ನು ಈ ಅವಸರದ ದಾರಿಯಲ್ಲೇ ಒಡೆಯುತ್ತವೆ ಎಂದು ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ಆ ದಾರಿಯ ಕೊನೆಯ ಹೆಜ್ಜೆ ನಡೆಸುವ ಕಿಣ್ವವೇ ಎಲ್‌ಡಿಎಚ್. ಗಡ್ಡೆ ದೊಡ್ಡದಾದಷ್ಟೂ, ಅದರೊಳಗೆ ಕಣಗಳು ಸತ್ತು ಒಡೆದಷ್ಟೂ ಈ ಕಿಣ್ವ ರಕ್ತಕ್ಕೆ ಸೋರುತ್ತದೆ. ಗಡ್ಡೆಯ ಸುತ್ತ ಆಮ್ಲ ಹೆಚ್ಚಿದರೆ ಟಿ ಕಣಗಳಿಗೂ ಕೆಲಸ ಮಾಡಲಾಗುವುದಿಲ್ಲ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಎಲ್‌ಡಿಎಚ್ ಎಷ್ಟು ಮುಖ್ಯವೆಂದರೆ, ಹರಡಿದ ರೋಗದ ಹಂತ ನಿರ್ಧರಿಸುವ ಅಂತರರಾಷ್ಟ್ರೀಯ ನಿಯಮದಲ್ಲೇ ಅದು ಸೇರಿದೆ.

ಮೂರನೆಯದು ಆಲ್ಬುಮಿನ್. ಯಕೃತ್ತು ತಯಾರಿಸುವ ಪ್ರೋಟೀನು. ಊಟ ಸೇರದೆ ಹೋದರೆ, ಮೈಯೊಳಗೆ ಉರಿಯೂತ ನಿಲ್ಲದೆ ಹೋದರೆ ಇಳಿಯುತ್ತದೆ.

2018ರಲ್ಲಿ ಪ್ಯಾರಿಸ್ಸಿನ ಗುಸ್ತಾವ್ ರೂಸಿ ಸಂಸ್ಥೆಯ ವೈದ್ಯರು ಇವುಗಳಲ್ಲಿ ಎರಡನ್ನು ಸೇರಿಸಿ ಬಹಳ ಸರಳವಾದ ಒಂದು ಅಳತೆಗೋಲು ಮಾಡಿದರು. ನ್ಯೂಟ್ರೊಫಿಲ್ ಸಂಖ್ಯೆಯನ್ನು ಉಳಿದೆಲ್ಲ ಬಿಳಿ ಕಣಗಳ ಸಂಖ್ಯೆಯಿಂದ ಭಾಗಿಸಿ. 3 ದಾಟಿದರೆ ಒಂದು ಅಂಕ. ಎಲ್‌ಡಿಎಚ್ ಲ್ಯಾಬಿನ ಮೇಲ್ಮಿತಿ ದಾಟಿದರೆ ಇನ್ನೊಂದು ಅಂಕ. ಅಷ್ಟೇ. ಇದಕ್ಕೆ ಲಿಪಿ ಎಂದು ಹೆಸರು, ಇಂಗ್ಲಿಷಿನ ನಾಲ್ಕು ಮೊದಲಕ್ಷರ ಕೂಡಿಸಿದ್ದು. ಕನ್ನಡದ ಕಿವಿಗೆ ಅದು ಹಣೆಯ ಬರಹದಂತೆ ಕೇಳಿಸುತ್ತದೆ. ನನಗಂತೂ ಆ ರಾತ್ರಿ ಹಾಗೇ ಕೇಳಿಸಿತು. ಇಮ್ಯುನೊಥೆರಪಿ ಪಡೆದ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಸೊನ್ನೆ ಅಂಕದವರ ಮಧ್ಯಮ ಬದುಕುಳಿವು 34 ತಿಂಗಳು, ಒಂದು ಅಂಕದವರದು 10 ತಿಂಗಳು, ಎರಡು ಅಂಕದವರದು 3 ತಿಂಗಳು.

ಚಿಕ್ಕಪ್ಪನ 78ನ್ನು 22ರಿಂದ ಭಾಗಿಸಿದೆ. ಮೂರೂವರೆ. ಒಂದು ಅಂಕ. ಎಲ್‌ಡಿಎಚ್ ಹಾಳೆ ತೆಗೆದೆ. 250 ಮೇಲ್ಮಿತಿಯಿದ್ದಲ್ಲಿ 538 ಎಂದಿತ್ತು, ಪಕ್ಕದಲ್ಲಿ ದಪ್ಪಕ್ಷರದ ಗುರುತು. ಎರಡು ಅಂಕ. ಮೂರು ತಿಂಗಳು. ಫೈಲು ಮುಚ್ಚಿಟ್ಟೆ. ಬೆಳಿಗ್ಗೆ ಚಿಕ್ಕಮ್ಮ ಕಾಫಿ ಕೊಟ್ಟಾಗ ಅವರ ಮುಖ ನೋಡಲಾಗಲಿಲ್ಲ.

ಎರಡು ದಿನ ಬಿಟ್ಟು ಆ ಹಾಳೆಗಳನ್ನು ಡಾಕ್ಟರ ಮುಂದಿಟ್ಟೆ. ಅವರು ಲೆಕ್ಕಕ್ಕಿಂತ ಮೊದಲು ಎಲ್‌ಡಿಎಚ್ ರಿಪೋರ್ಟಿನ ತಳದಲ್ಲಿದ್ದ ಸಣ್ಣಕ್ಷರದ ಸಾಲಿಗೆ ಬೆರಳಿಟ್ಟರು. ಮಾದರಿಯಲ್ಲಿ ಹಿಮೋಲೈಸಿಸ್ ಆಗಿದೆ ಎಂದು ಅಲ್ಲಿ ಬರೆದಿತ್ತು. ನಾನು ಅದನ್ನು ಓದಿರಲೇ ಇಲ್ಲ. ಆ ದಿನ ರಕ್ತ ತೆಗೆದದ್ದು ಮನೆಯ ಹತ್ತಿರದ ಒಂದು ಸಂಗ್ರಹ ಕೇಂದ್ರದಲ್ಲಿ. ನರ ಸಿಗಲಿಲ್ಲವೆಂದು ಹುಡುಗ ಮೂರು ಸಲ ಚುಚ್ಚಿದ್ದ, ತೆಳ್ಳನೆಯ ಸೂಜಿಯಲ್ಲಿ ಜೋರಾಗಿ ಎಳೆದಿದ್ದ, ಟ್ಯೂಬು ಬೈಕಿನ ಡಬ್ಬಿಯಲ್ಲಿ ಕುಲುಕಾಡಿಕೊಂಡು ಊರು ದಾಟಿತ್ತು. ಕೆಂಪು ಕಣದೊಳಗೆ ಎಲ್‌ಡಿಎಚ್ ರಕ್ತದ ದ್ರವದಲ್ಲಿರುವುದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಇರುತ್ತದೆ. ಟ್ಯೂಬಿನಲ್ಲಿ ಒಂದಷ್ಟು ಕೆಂಪು ಕಣ ಒಡೆದರೂ ಸಾಕು, ರೋಗಿಯ ಮೈಯಲ್ಲಿಲ್ಲದ ಕಿಣ್ವ ರಿಪೋರ್ಟಿನಲ್ಲಿ ಕಾಣಿಸುತ್ತದೆ. ಮತ್ತೊಮ್ಮೆ ಸರಿಯಾಗಿ ತೆಗೆಸಿದಾಗ ಬಂದದ್ದು 214. ಒಂದು ಅಂಕ ಬಿದ್ದುಹೋಯಿತು. ಪ್ಯಾರಿಸ್ಸಿನ ಪಟ್ಟಿಯ ಪ್ರಕಾರ ಮೂರು ತಿಂಗಳ ಗುಂಪಿನಿಂದ ಹತ್ತು ತಿಂಗಳ ಗುಂಪಿಗೆ ಬಂದೆವು, ಒಂದು ಸೂಜಿ ಬದಲಾದದ್ದರಿಂದ.

ಈ ಸಂಖ್ಯೆಗಳನ್ನು ದಾರಿ ತಪ್ಪಿಸುವ ಸಂಗತಿಗಳು ಇನ್ನೂ ಇವೆ, ನಮ್ಮ ಕಡೆಯ ಮನೆಗಳಲ್ಲಿ ತೀರಾ ಸಾಮಾನ್ಯವಾದವು. ಉಬ್ಬಸಕ್ಕೆಂದು ನಾಲ್ಕು ದಿನ ಸ್ಟಿರಾಯ್ಡ್ ಮಾತ್ರೆ ನುಂಗಿದರೆ ನ್ಯೂಟ್ರೊಫಿಲ್ ಏರಿ ಲಿಂಫೊಸೈಟ್ ಇಳಿಯುತ್ತದೆ. ಭಾಗಲಬ್ಧ ಎರಡು ಪಟ್ಟಾದರೂ ಆಶ್ಚರ್ಯವಿಲ್ಲ. ಹಲ್ಲಿನ ಕೀವು, ಮೂತ್ರದ ಸೋಂಕು, ನಿಮೋನಿಯ, ಎಲ್ಲಕ್ಕೂ ನ್ಯೂಟ್ರೊಫಿಲ್ ಏರುತ್ತದೆ. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಜೀವಸತ್ವದ ಕೊರತೆ ಹೆಚ್ಚು. ಕೊರತೆ ತೀವ್ರವಾದರೆ ಮಜ್ಜೆಯಲ್ಲಿ ಬಲಿಯದ ಕೆಂಪು ಕಣಗಳು ಅಲ್ಲೇ ಸತ್ತು ಎಲ್‌ಡಿಎಚ್ ಆಕಾಶಕ್ಕೇರುತ್ತದೆ, ಅದೂ ಕ್ಯಾನ್ಸರಿನ ಗೊಡವೆಯೇ ಇಲ್ಲದೆ. ಬಾಯಿಯ ಕ್ಯಾನ್ಸರಿನವರಿಗೆ ನುಂಗಲಾಗದೆ ಅನ್ನ ಇಳಿಯದಿದ್ದರೆ ಆಲ್ಬುಮಿನ್ ಇಳಿಯುತ್ತದೆ. ರಕ್ತದ ಅಂಕಿ ಹೇಳುವುದು ಮೈಯ ಆ ದಿನದ ಸ್ಥಿತಿಯನ್ನು. ಅದಕ್ಕೆ ಕಾರಣ ಗಡ್ಡೆಯೋ, ಹಸಿವೋ, ಹಲ್ಲುನೋವೋ ಎಂದು ಅಂಕಿ ತಾನಾಗಿ ಹೇಳುವುದಿಲ್ಲ.

ಇಷ್ಟಾದರೂ ನಾನು ಇನ್ನೂ ಮುಖ್ಯವಾದ ಜಾಗಕ್ಕೆ ಬಂದಿಲ್ಲ. ಅಲ್ಲಿಗೆ ನನ್ನನ್ನು ಕರೆದೊಯ್ದವರು ಚಿಕ್ಕಪ್ಪನೇ.

ಒಂದು ಸಂಜೆ ತೋಟದ ಮನೆಯ ಜಗಲಿಯಲ್ಲಿ ಕುಳಿತಾಗ ಅವರೇ ಕೇಳಿದರು: "ಹಿಂದುಗಡೆ ಏನೋ ಲೆಕ್ಕ ಬರೆದಿದ್ಯಲ್ಲ, ಏನದು?" ಮುಚ್ಚಿಡುವುದು ಸರಿಯಲ್ಲ ಎನ್ನಿಸಿತು. ಹೇಳಿದೆ. ಈ ಸಂಖ್ಯೆ ಹೆಚ್ಚಿದ್ದವರಿಗೆ ಆ ಔಷಧ ಕೊಟ್ಟರೂ ಅಷ್ಟಾಗಿ ಉಳಿಯಲಿಲ್ಲವಂತೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತೋಟದ ಕಡೆ ನೋಡಿದರು. ಆಮೇಲೆ ಅಂದರು: "ಗೊಬ್ಬರ ಹಾಕಿದ ಸಾಲು ತೋರಿಸ್ತಾ ಇದೀಯ. ಹಾಕ್ದೇ ಇರೋ ಸಾಲು ಎಲ್ಲೈತೆ?"

ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ಪ್ರಬಂಧದಲ್ಲೂ ಓದಿಲ್ಲ. ತಗ್ಗಿನ ಮಣ್ಣಿನಲ್ಲಿ ನೀರು ಚೆನ್ನಾಗಿದ್ದರೆ ಮರ ಹೇಗೂ ಹೆಚ್ಚು ಕಾಯಿ ಬಿಡುತ್ತದೆ. ದಿಬ್ಬದ ಮೇಲಿನ ಮರ ಹೇಗೂ ಕಡಿಮೆ ಬಿಡುತ್ತದೆ. ಎರಡಕ್ಕೂ ಹೊಸ ಗೊಬ್ಬರ ಹಾಕಿ, ತಗ್ಗಿನ ಮರ ಹೆಚ್ಚು ಬಿಟ್ಟಿತು, ಆದ್ದರಿಂದ ಗೊಬ್ಬರ ತಗ್ಗಿಗೆ ಮಾತ್ರ ಹಿಡಿಯುತ್ತದೆ ಎಂದರೆ ಯಾವ ರೈತನೂ ಒಪ್ಪುವುದಿಲ್ಲ. ದಿಬ್ಬದ ಮೇಲೆಯೇ ಒಂದು ಸಾಲಿಗೆ ಹಾಕಿ, ಪಕ್ಕದ ಸಾಲಿಗೆ ಹಾಕದೆ ನೋಡಬೇಕು. ಹಾಕದ ಸಾಲಿನಲ್ಲಿ ಮರಕ್ಕೆ ಹತ್ತು ಕಾಯಿ, ಹಾಕಿದ ಸಾಲಿನಲ್ಲಿ ಇಪ್ಪತ್ತು ಬಂದರೆ ದಿಬ್ಬದಲ್ಲೂ ಗೊಬ್ಬರ ಕೆಲಸ ಮಾಡಿದೆ ಎಂದೇ ಅರ್ಥ, ತಗ್ಗಿನಲ್ಲಿ ಐವತ್ತು ಬಂದಿದ್ದರೂ ಸರಿಯೆ.

ವೈದ್ಯಶಾಸ್ತ್ರ ಇವೆರಡನ್ನೂ ಬೇರೆ ಬೇರೆ ಹೆಸರಿನಿಂದ ಕರೆಯುತ್ತದೆ. ರೋಗಿ ಎಷ್ಟು ಕಾಲ ಬದುಕಬಹುದು ಎಂದು ಸೂಚಿಸುವುದು ಒಂದು ಬಗೆಯ ಗುರುತು. ಈ ಔಷಧದಿಂದ ಈ ರೋಗಿಗೆ ಲಾಭವಾಗುತ್ತದೆಯೇ ಎಂದು ಸೂಚಿಸುವುದು ಇನ್ನೊಂದು ಬಗೆ. ಮೊದಲನೆಯದನ್ನು ರೋಗಗತಿಯ ಗುರುತು, ಎರಡನೆಯದನ್ನು ಔಷಧಫಲದ ಗುರುತು ಎನ್ನೋಣ. ಸುದ್ದಿಯಲ್ಲಿ, ಜಾಹೀರಾತಿನಲ್ಲಿ, ಕೆಲವು ಸಲ ವೈದ್ಯರ ಮಾತಿನಲ್ಲೂ ಇವೆರಡೂ ಕಲಸಿಹೋಗುತ್ತವೆ. ಚಿಕ್ಕಮ್ಮ ಬಸ್ಸಿನಲ್ಲಿ ಕೇಳಿದ್ದು ಎರಡನೆಯ ಪ್ರಶ್ನೆ. ನಾನು ರಿಪೋರ್ಟಿನ ಹಿಂದೆ ಬರೆದುಕೊಂಡದ್ದು ಮೊದಲನೆಯದರ ಉತ್ತರ.

ಪ್ಯಾರಿಸ್ಸಿನವರು ಗೊಬ್ಬರ ಹಾಕದ ಸಾಲನ್ನೂ ನೋಡಿದ್ದರು. ಕೀಮೊ ಮಾತ್ರ ಪಡೆದ 162 ರೋಗಿಗಳಲ್ಲಿ ಲಿಪಿ ಅಂಕಕ್ಕೂ ಬದುಕುಳಿವಿಗೂ ಅಂಥ ನಂಟು ಕಾಣಲಿಲ್ಲ ಎಂದು ಅವರು ಬರೆದರು. ಹಾಗಿದ್ದರೆ ಅದು ಇಮ್ಯುನೊಥೆರಪಿಯದೇ ಗುರುತಿರಬಹುದು ಎಂಬ ಆಸೆ ಹುಟ್ಟಿತು. ಆದರೆ 162 ಸಣ್ಣ ಸಂಖ್ಯೆ. ಮರುವರ್ಷ, 2019ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಜ್ಞರು 11 ಪ್ರಯೋಗಗಳ ಸುಮಾರು 4,000 ಶ್ವಾಸಕೋಶ ಕ್ಯಾನ್ಸರ್ ರೋಗಿಗಳ ಮಾಹಿತಿ ಒಟ್ಟುಗೂಡಿಸಿದರು. ಇಮ್ಯುನೊಥೆರಪಿ ಪಡೆದವರು, ಕೀಮೊ ಪಡೆದವರು, ನಿರ್ದಿಷ್ಟ ಜೀನ್ ದೋಷಕ್ಕೆ ಗುರಿಯಿಟ್ಟ ಮಾತ್ರೆ ನುಂಗಿದವರು, ಮೂರೂ ಗುಂಪುಗಳಲ್ಲಿ ಅಂಕ ಹೆಚ್ಚಿದ್ದವರ ಬದುಕು ಕಡಿಮೆಯೇ ಇತ್ತು. ಅಂದರೆ ಲಿಪಿ ತೋರಿಸುತ್ತಿದ್ದದ್ದು ದಿಬ್ಬವನ್ನು. ಗೊಬ್ಬರದ ಬಗ್ಗೆ ಅದು ಹೇಳಿದ್ದು ಕಡಿಮೆ.

ಈ ವ್ಯತ್ಯಾಸ ಪರಿಭಾಷೆಯಲ್ಲೇ ಮುಗಿಯುವುದಿಲ್ಲ. "ಅಂಕ ಎರಡು ಬಂದಿದೆ, ಈ ಔಷಧ ನಿಮಗೆ ಆಗಿಬರುವುದಿಲ್ಲ" ಎಂದು ಒಬ್ಬರನ್ನು ವಾಪಸ್ ಕಳಿಸಿದರೆ, ಅವರಿಗೆ ಸಿಗಬಹುದಾಗಿದ್ದ ಹತ್ತರ ಬದಲು ಇಪ್ಪತ್ತನ್ನು ನಾವು ಕಸಿದುಕೊಂಡಿರಬಹುದು. ದುಡ್ಡಿಲ್ಲದ ಕಡೆ ಇಂಥ ಅಂಕಗಳು ಬಹಳ ಬೇಗ ಬಾಗಿಲು ಮುಚ್ಚುವ ಚಿಲಕವಾಗುತ್ತವೆ. ವಿಮೆಯ ಮೇಜಿನ ಮೇಲೆ, ಸರ್ಕಾರಿ ನೆರವಿನ ಕಡತದಲ್ಲಿ ಒಂದು ಅಂಕಿ ಬರೆದುಬಿಡುವುದು ಸುಲಭ. ಅದು ಯಾವ ಪ್ರಶ್ನೆಗೆ ಉತ್ತರವೆಂದು ಕೇಳುವವರು ಅಲ್ಲಿ ಇರಲೇಬೇಕು.

ಕಂಪ್ಯೂಟರು ಈಗ ಈ ಹಾಳೆಗಳನ್ನು ಇನ್ನೂ ಜಾಣತನದಿಂದ ಓದಲು ಕಲಿತಿದೆ. 2025ರ ಆರಂಭದಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಸ್ಲೋನ್ ಕೆಟರಿಂಗ್ ಮತ್ತು ಮೌಂಟ್ ಸೈನಾಯ್ ಸಂಸ್ಥೆಗಳ ಸಂಶೋಧಕರು ಸ್ಕಾರ್ಪಿಯೊ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. 21 ಬಗೆಯ ಕ್ಯಾನ್ಸರಿನ 9,745 ರೋಗಿಗಳ ಮಾಹಿತಿ. ಅದಕ್ಕೆ ಬೇಕಾದದ್ದು ವಾಡಿಕೆಯ ರಕ್ತಪರೀಕ್ಷೆಗಳು ಮತ್ತು ವಯಸ್ಸು, ಲಿಂಗ, ತೂಕದಂಥ ಸಾಮಾನ್ಯ ವಿವರಗಳು ಮಾತ್ರ. ಅದರ ಬಲವನ್ನು ಹೀಗೆ ಅರ್ಥ ಮಾಡಿಕೊಳ್ಳಬಹುದು: ಇಬ್ಬರು ರೋಗಿಗಳ ರಿಪೋರ್ಟು ಮುಂದಿಟ್ಟು ಇವರಲ್ಲಿ ಯಾರು ಹೆಚ್ಚು ಕಾಲ ಬದುಕಿದರು ಎಂದು ಕೇಳಿದರೆ, ನೂರು ಜೋಡಿಗಳಲ್ಲಿ ಸುಮಾರು 76ರಲ್ಲಿ ಅದು ಸರಿಯಾಗಿ ಹೇಳುತ್ತದೆ. ನಾಣ್ಯ ಚಿಮ್ಮಿದರೆ 50 ಸರಿಯಾಗುತ್ತದೆ. ಗಡ್ಡೆಯ ಡಿಎನ್‌ಎಯಲ್ಲಿ ಎಷ್ಟು ದೋಷಗಳಿವೆ ಎಂದು ಎಣಿಸುವ ಟಿಎಂಬಿ ಎಂಬ ದುಬಾರಿ ಪರೀಕ್ಷೆಯಿದೆ. ಅದರ ಆಧಾರದ ಮೇಲೆ ಪೆಂಬ್ರೊಲಿಜುಮ್ಯಾಬ್ ಕೊಡಲು ಎಫ್‌ಡಿಎ 2020ರಲ್ಲಿ ಅನುಮತಿಯನ್ನೂ ಕೊಟ್ಟಿದೆ. ಬದುಕುಳಿವಿನ ಈ ಪಂದ್ಯದಲ್ಲಿ ಆ ಪರೀಕ್ಷೆ ನಾಣ್ಯ ಚಿಮ್ಮುವುದಕ್ಕಿಂತ ಹೆಚ್ಚೇನೂ ಮುಂದೆ ಹೋಗಲಿಲ್ಲ. ಅಗ್ಗದ ಪರೀಕ್ಷೆ ದುಬಾರಿಯನ್ನು ಹಿಂದೆ ಹಾಕಿದ್ದು ಓದಿ ನನಗೆ ನಿಜವಾಗಿಯೂ ಖುಷಿಯಾಯಿತು. ಅದರ ಹಿಂದಿನ ವರ್ಷವೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು ಲೋರಿಸ್ ಎಂಬ ಇನ್ನೊಂದು ಸೂತ್ರ ಕೊಟ್ಟಿದ್ದರು, ಆರೇ ಆರು ವಿವರಗಳದು. ಅದರಲ್ಲೂ ಆಲ್ಬುಮಿನ್ ಇದೆ, ನ್ಯೂಟ್ರೊಫಿಲ್-ಲಿಂಫೊಸೈಟ್ ಭಾಗಲಬ್ಧವೂ ಇದೆ.

ಆದರೆ ಚಿಕ್ಕಪ್ಪನ ಪ್ರಶ್ನೆಯನ್ನು ಇಲ್ಲಿಯೂ ಕೇಳಲೇಬೇಕು. ಯಂತ್ರ ಕಲಿತದ್ದು ಇಮ್ಯುನೊಥೆರಪಿ ಪಡೆದವರ ದಾಖಲೆಗಳಿಂದ, ಅಂದರೆ ಗೊಬ್ಬರ ಹಾಕಿದ ಸಾಲಿನಿಂದ. ನಮ್ಮ ಜಿಲ್ಲಾಸ್ಪತ್ರೆಯ ರೋಗಿಯ ಹಿಮೋಗ್ಲೋಬಿನ್, ಆಲ್ಬುಮಿನ್ ರೋಗಕ್ಕೆ ಮುಂಚೆಯೇ ಕಡಿಮೆಯಿರಬಹುದು. ಆ ರಕ್ತವನ್ನು ಓದುವ ಮೊದಲು ಇಂಥ ಸೂತ್ರಗಳನ್ನು ಇಲ್ಲಿನ ರೋಗಿಗಳ ಮೇಲೆ ಪರೀಕ್ಷಿಸಿ ತಿದ್ದಬೇಕಾಗುತ್ತದೆ.

ಹಾಗಾದರೆ ಔಷಧದ ಫಲವನ್ನೇ ಹೇಳುವ ರಕ್ತದ ಗುರುತು ಇಲ್ಲವೇ? ಒಂದು ಕಡೆ ಸಿಕ್ಕಿದೆ. ಕ್ಯಾನ್ಸರ್ ಕಣ ಸತ್ತಾಗ ಅದರ ಡಿಎನ್‌ಎ ಚೂರುಚೂರಾಗಿ ರಕ್ತಕ್ಕೆ ಬೀಳುತ್ತದೆ. ಆ ಚೂರುಗಳ ಆಯಸ್ಸು ಬಹಳ ಕಡಿಮೆ, ಎರಡು ಗಂಟೆಯ ಆಸುಪಾಸಿನಲ್ಲಿ ಅರ್ಧ ಮಾಯವಾಗುತ್ತವೆ. ಹಾಗಾಗಿ ಇವತ್ತಿನ ರಕ್ತದಲ್ಲಿ ಸಿಕ್ಕ ಚೂರು ಇವತ್ತಿನ ಗಡ್ಡೆಯ ಸುದ್ದಿ. ಟೊರಾಂಟೊದ ಪ್ರಿನ್ಸೆಸ್ ಮಾರ್ಗರೆಟ್ ಕೇಂದ್ರದಲ್ಲಿ ಪೆಂಬ್ರೊಲಿಜುಮ್ಯಾಬ್ ಪಡೆಯುತ್ತಿದ್ದ ರೋಗಿಗಳ ರಕ್ತದಲ್ಲಿ ಈ ಚೂರುಗಳನ್ನು ಆಗಾಗ ಅಳೆದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 12 ಮಂದಿಯಲ್ಲಿ ಚಿಕಿತ್ಸೆಯ ನಡುವೆ ಚೂರುಗಳು ಪೂರ್ತಿ ಕಾಣದಾದವು. ಎರಡು ವರ್ಷಕ್ಕೂ ಮೀರಿದ ಮಧ್ಯಮ ಅವಧಿಯವರೆಗೆ ಗಮನಿಸಿದಾಗ ಆ 12 ಮಂದಿಯೂ ಬದುಕಿದ್ದರು. ಇಮ್ಯುನೊಥೆರಪಿಯಲ್ಲಿ ಕೆಲವು ಸಲ ಟಿ ಕಣಗಳು ನುಗ್ಗಿ ಗಡ್ಡೆ ಊದಿಕೊಂಡು ಸ್ಕ್ಯಾನಿನಲ್ಲಿ ಬೆಳೆದಂತೆ ಕಾಣುವುದುಂಟು. ಆಗ ರಕ್ತದ ಈ ಚೂರುಗಳು ಇಳಿದಿದ್ದರೆ ಔಷಧ ನಿಲ್ಲಿಸುವ ಅವಸರ ಬೇಡ ಎನ್ನಲು ಒಂದು ಆಧಾರ ಸಿಗುತ್ತದೆ.

ಇದಕ್ಕಿಂತ ಗಟ್ಟಿ ಸಾಕ್ಷ್ಯ ಮೂತ್ರಕೋಶದ ಕ್ಯಾನ್ಸರಿನಿಂದ ಬಂತು. ಶಸ್ತ್ರಚಿಕಿತ್ಸೆಯಲ್ಲಿ ಮೂತ್ರಕೋಶ ತೆಗೆದ ಮೇಲೆ ರೋಗ ಮರಳದಿರಲಿ ಎಂದು ಅಟೆಜೋಲಿಜುಮ್ಯಾಬ್ ಎಂಬ ಇದೇ ಬಗೆಯ ಔಷಧ ಕೊಟ್ಟು ನೋಡಿದರು, ಪಕ್ಕದ ಸಾಲಿಗೆ ಕೊಡದೆ. ಒಟ್ಟಾರೆ ಲಾಭ ಕಾಣಲಿಲ್ಲ. ಪ್ರಯೋಗ ಸೋತಿತೆಂದೇ ಲೆಕ್ಕ. ಆದರೆ ಕೂಡಿಟ್ಟ ರಕ್ತವನ್ನು ತೆಗೆದು ನೋಡಿದಾಗ ನೂರಕ್ಕೆ 37 ಮಂದಿಯ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಚೂರುಗಳು ಉಳಿದಿದ್ದವು. ಅವರಲ್ಲಿ ಮಾತ್ರ ನೋಡಿದರೆ ಔಷಧ ಪಡೆದವರು ಪಡೆಯದವರಿಗಿಂತ ಹೆಚ್ಚು ಬದುಕಿದ್ದರು. ಚೂರುಗಳಿಲ್ಲದವರಲ್ಲಿ ಔಷಧದಿಂದ ವ್ಯತ್ಯಾಸವೇ ಆಗಿರಲಿಲ್ಲ. 2021ರಲ್ಲಿ ಇದು ಪ್ರಕಟವಾಯಿತು. ಹಳೆಯ ರಕ್ತ ಕೆದಕಿ ಕಂಡದ್ದನ್ನು ನಂಬಿ ಕೂರದೆ ಹೊಸ ಪ್ರಯೋಗವನ್ನೇ ಹೂಡಿದರು: ಎಲ್ಲರ ರಕ್ತವನ್ನೂ ಒಂದು ವರ್ಷದವರೆಗೆ ಆಗಾಗ ನೋಡುವುದು, ಚೂರು ಕಂಡವರನ್ನು ಮಾತ್ರ ಎರಡು ಸಾಲು ಮಾಡಿ ಒಂದಕ್ಕೆ ಔಷಧ, ಇನ್ನೊಂದಕ್ಕೆ ಬರೀ ಸಲೈನಿನಂಥ ಡ್ರಿಪ್. 2025ರಲ್ಲಿ ಫಲಿತಾಂಶ ಬಂತು. ಔಷಧದ ಸಾಲಿನಲ್ಲಿ ಸಾವಿನ ಅಪಾಯ ಸುಮಾರು 40% ಕಡಿಮೆಯಾಗಿತ್ತು. ಚೂರು ಕಾಣದೆ ಉಳಿದವರಿಗೆ ಔಷಧ ಕೊಡಲೇ ಇಲ್ಲ, ಅವರಲ್ಲಿ ಬಹುಪಾಲು ಜನರಿಗೆ ರೋಗ ಮರಳಲೂ ಇಲ್ಲ. ಇಲ್ಲಿ ರಕ್ತ ಹೇಳಿದ್ದು ಗೊಬ್ಬರ ಯಾವ ಮರಕ್ಕೆ ಬೇಕು, ಯಾವುದಕ್ಕೆ ಬೇಡ ಎಂಬುದನ್ನು. ಈ ಪರೀಕ್ಷೆ ಇನ್ನೂ ದುಬಾರಿ, ಪ್ರತಿ ರೋಗಿಯ ಗಡ್ಡೆಯ ಡಿಎನ್‌ಎ ಓದಿ ಅದಕ್ಕೆ ತಕ್ಕಂತೆ ಹೊಲಿಯಬೇಕಾದದ್ದು. ಆದರೂ ಬೇಡದವರಿಗೆ ಲಕ್ಷಾಂತರ ರೂಪಾಯಿಯ ಔಷಧ ಉಳಿಯುವುದಾದರೆ ಪರೀಕ್ಷೆಯ ಖರ್ಚಿನ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು.

ಔಷಧದ ಬೆಲೆಯ ಬಗ್ಗೆ ಭಾರತದಿಂದಲೂ ಒಂದು ಒಳ್ಳೆಯ ಉತ್ತರ ಬಂದಿದೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಬಾಯಿ-ಗಂಟಲಿನ ಮುಂದುವರಿದ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿದರು. ಎರಡಕ್ಕೂ ಅಗ್ಗದ ಮೂರು ಮಾತ್ರೆ-ಔಷಧಗಳ ಚಿಕಿತ್ಸೆ; ಒಂದು ಗುಂಪಿಗೆ ಜತೆಯಲ್ಲಿ ನಿವೊಲುಮ್ಯಾಬ್, ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ. ವಾಡಿಕೆಯ ಡೋಸಿನ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಒಂದು ವರ್ಷದ ಹೊತ್ತಿಗೆ ನಿವೊಲುಮ್ಯಾಬ್ ಇಲ್ಲದ ಗುಂಪಿನಲ್ಲಿ ನೂರಕ್ಕೆ 16 ಮಂದಿ, ಇದ್ದ ಗುಂಪಿನಲ್ಲಿ 43 ಮಂದಿ ಬದುಕಿದ್ದರು. ಎಲೆ-ಅಡಿಕೆ-ಹೊಗೆಸೊಪ್ಪಿನ ನಮ್ಮ ರಾಜ್ಯದಲ್ಲಿ ಬಾಯಿ ಕ್ಯಾನ್ಸರಿನ ಬಡ ರೋಗಿಗಳಿಗೆ ಇದು ಹತ್ತಿರದ ಸುದ್ದಿ. ಅಳತೆಗೋಲು ಹಿಡಿದು ಕೆಲವರನ್ನು ಹೊರಗಿಡುವುದಕ್ಕಿಂತ, ಡೋಸು ಇಳಿಸಿ ಹೆಚ್ಚು ಜನರನ್ನು ಒಳಗೆ ಕರೆದ ದಾರಿ ಅದು.

ಹಾಗೆಂದು ರಿಪೋರ್ಟಿನ ಹಿಂಬದಿಯ ಲೆಕ್ಕ ವ್ಯರ್ಥವೆಂದು ನಾನು ಹೇಳಲಾರೆ. ಅಂಕಿ ಕೆಟ್ಟದಾಗಿ ಬಂದರೆ ಮೊದಲು ಕಾರಣ ಹುಡುಕಬೇಕು. ಸೋಂಕಿದ್ದರೆ ಅದಕ್ಕೆ ಮದ್ದು, ಬಿ12 ಕಡಿಮೆಯಿದ್ದರೆ ಚುಚ್ಚುಮದ್ದು, ನುಂಗಲಾಗದಿದ್ದರೆ ಟ್ಯೂಬಿನಲ್ಲಾದರೂ ಊಟ. ಇವು ಯಾವುವೂ ಇಲ್ಲದೆ ಅಂಕಿ ಕೆಟ್ಟದ್ದೇ ಆಗಿದ್ದರೆ, ನೋವು ನಿವಾರಣೆಯ ತಜ್ಞರನ್ನು ಕೊನೆಗೆ ಕರೆಯುವ ಬದಲು ಮೊದಲ ದಿನವೇ ಕರೆಯಬೇಕು. ಮನೆಯವರೊಡನೆ ಕುಳಿತು, ಕಾಲ ಕಡಿಮೆಯಿರಬಹುದು, ಸಾಲ ಮಾಡುವ ಮುಂಚೆ ಇದನ್ನೂ ತಿಳಿದಿರಿ ಎಂದು ಮೆಲ್ಲಗೆ ಹೇಳಬೇಕು. ಹಾಗೆ ಹೇಳುವ ಡಾಕ್ಟರು ನಮಗೆ ಸಿಕ್ಕರು. ಚಿಕ್ಕಮ್ಮನಿಗೆ ಅವರು ಹೇಳಿದ್ದು ಇಷ್ಟು: ಹತ್ತು ಜನರಲ್ಲಿ ಮೂವರಿಗೆ ಬಹಳ ಒಳ್ಳೆಯದಾಗುತ್ತದೆ, ಇವರು ಆ ಮೂವರಲ್ಲಿ ಒಬ್ಬರೇ ಎಂದು ರಕ್ತ ನೋಡಿ ಹೇಳಲು ನನಗೆ ಬರುವುದಿಲ್ಲ, ಮೂರು ಡ್ರಿಪ್ ಕೊಟ್ಟು ಸ್ಕ್ಯಾನ್ ನೋಡಿ ಮುಂದಿನದು ಮಾತಾಡೋಣ. ಚಿಕ್ಕಮ್ಮ ಆ ರಾತ್ರಿ ಬಹಳ ದಿನದ ಮೇಲೆ ನಿದ್ದೆ ಮಾಡಿದರು.

ಮೊದಲ ಸ್ಕ್ಯಾನಿನಲ್ಲಿ ಗಡ್ಡೆ ಇದ್ದಷ್ಟೇ ಇತ್ತು. ಡ್ರಿಪ್ ಮುಂದುವರಿಯಿತು. ಮೊನ್ನೆ ಆರನೆಯದು. ಡೇ ಕೇರಿನಲ್ಲಿ ಬೆಳಿಗ್ಗೆ ಏಳಕ್ಕೇ ರಕ್ತ ಕೊಟ್ಟು, ಕ್ಯಾಂಟೀನಿನಲ್ಲಿ ಇಡ್ಲಿ ತಿಂದು, ರಿಪೋರ್ಟಿಗೆ ಕಾಯುತ್ತ ಕುಳಿತೆವು. ಈಗ ರಕ್ತ ತೆಗೆಯುವ ಸಿಸ್ಟರಿಗೆ ಚಿಕ್ಕಪ್ಪನ ಯಾವ ಕೈಯಲ್ಲಿ ನರ ಸಿಗುತ್ತದೆಂದು ಗೊತ್ತು. ಒಂದೇ ಸಲಕ್ಕೆ ಸಿಕ್ಕಿತು. ಹತ್ತೂವರೆಗೆ ಹಾಳೆ ಕೈಗೆ ಬಂತು. ನ್ಯೂಟ್ರೊಫಿಲ್ 61, ಲಿಂಫೊಸೈಟ್ 28.

"ಎಷ್ಟು ಬಂತು?" ಅಂದರು ಚಿಕ್ಕಪ್ಪ.

"ಎರಡು ಚಿಲ್ಲರೆ."

"ಮೊದಲು ಆರಿತ್ತಲ್ಲ?"

"ಹೂಂ, ಆರಿತ್ತು. ಚಿಕಿತ್ಸೆ ನಡೆಯೋವಾಗ ಇಳಿದ್ರೆ ಒಳ್ಳೇದು ಅಂತಾರೆ. ಆದ್ರೆ ಸ್ಕ್ಯಾನ್ ನೋಡ್ಬೇಕು ಚಿಕ್ಕಪ್ಪ. ಸೋಮವಾರ ಐತೆ."

ಅವರು ಹಾಳೆ ಇಸಕೊಂಡು, ಹಿಂಬದಿ ತಿರುಗಿಸಿ, ಅಲ್ಲಿ ಏನೂ ಬರೆದಿಲ್ಲವೆಂದು ನೋಡಿ, ಮಡಿಸಿ ಜೇಬಿಗಿಟ್ಟುಕೊಂಡರು. "ಸೋಮವಾರ ಇಲ್ಲೇ ಸಂಜೆ ಆಗುತ್ತೆ. ಕಾಯಿ ಕೀಳೋರಿಗೆ ಮಂಗಳವಾರ ಬರೋಕೆ ಹೇಳು" ಎಂದರು.